ಮಕ್ಕಳ ಯಕೃತ್ತಿನ ಕ್ಯಾನ್ಸರಿಗೆ ಕಸಿ ಚಿಕಿತ್ಸೆ

ಕಸಿ ಎಂಬ ಮಾತು ನಮ್ಮ ಸದಸ್ಯ ಬಾಂಧವರಿಗೆ ಹೊಸದಲ್ಲ. ಹಿಪ್ಪಲಿಯ ಬುಡಕ್ಕೆ ಮೆಣಸಿನ ಬಳ್ಳಿಯನ್ನು ಕಸಿ ಕಟ್ಟುವುದನ್ನು ಎಲ್ಲರೂ ಬಲ್ಲರು. ಇದೇ ಹೆಸರಿನ ಶಸ್ತ್ರಚಿಕಿತ್ಸೆಯೊಂದು ಇಂದು ಎಳೆಯ ಮಕ್ಕಳ ಜೀವ ಉಳಿಸುತ್ತಿದೆ.

ಯಕೃತ್ತಿನಲ್ಲೇ, ಅಂದರೆ ಲಿವರಿನಲ್ಲೇ, ಹುಟ್ಟುವ ಕ್ಯಾನ್ಸರ್ ಮಕ್ಕಳಲ್ಲಿ ಅಪರೂಪ. ಅದರಲ್ಲಿ ಹೆಚ್ಚಾಗಿ ಕಾಣುವುದು ಹೆಪಟೊಬ್ಲಾಸ್ಟೊಮ. ಬಹುಮಟ್ಟಿಗೆ ಮೂರು ವರ್ಷದೊಳಗಿನ ಕೂಸುಗಳಿಗೆ ಬರುತ್ತದೆ. ಎಷ್ಟೋ ಸಲ ನೋವೇ ಇಲ್ಲದೆ ಹೊಟ್ಟೆ ಉಬ್ಬುತ್ತದೆ. ಸ್ನಾನ ಮಾಡಿಸುವಾಗ ಗಡ್ಡೆ ಕೈಗೆ ತಗಲುತ್ತದೆ. ಜಂತುಹುಳುವೆಂದು ಕಷಾಯ ಕುಡಿಸುತ್ತ ದಿನ ಕಳೆಯುವುದು ಸಲ್ಲದು. ಅಲ್ಟ್ರಾಸೌಂಡ್ ಮಾಡಿಸಿದರೆ ಗಡ್ಡೆ ಕಾಣುತ್ತದೆ. ಆಲ್ಫಾ ಫೀಟೊಪ್ರೋಟೀನ್ ಎಂಬ ರಕ್ತಪರೀಕ್ಷೆಯಿಂದ ರೋಗದ ಸುಳಿವು ಸಿಗುತ್ತದೆ.

ಸಾಮಾನ್ಯವಾಗಿ ಸಿಸ್‌ಪ್ಲಾಟಿನ್ ಮುಂತಾದ ಔಷಧಗಳಿಂದ ಗಡ್ಡೆಯನ್ನು ಕುಗ್ಗಿಸಿ, ರೋಗದ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿದ ಯಕೃತ್ತು ಮತ್ತೆ ಬೆಳೆದುಕೊಳ್ಳುತ್ತದೆ. ಗಡ್ಡೆಯು ಯಕೃತ್ತಿನ ನಾಲ್ಕೂ ಭಾಗಗಳನ್ನು ವ್ಯಾಪಿಸಿದ್ದರೆ, ಇಲ್ಲವೇ ಮುಖ್ಯ ರಕ್ತನಾಳಗಳನ್ನು ಸುತ್ತಿಕೊಂಡಿದ್ದರೆ ಇದು ಸಾಧ್ಯವಿಲ್ಲ. ಆಗ ಇಡೀ ಯಕೃತ್ತನ್ನೇ ತೆಗೆದು ಬೇರೊಂದನ್ನು ಕೂಡಿಸಬೇಕಾಗುತ್ತದೆ. ಶ್ವಾಸಕೋಶಕ್ಕೂ ರೋಗ ಹರಡಿದ್ದರೆ ಮೊದಲು ಅದನ್ನು ನಿವಾರಿಸಬೇಕು.

1967ರ ಜುಲೈಯಲ್ಲಿ ಅಮೆರಿಕದ ಡೆನ್ವರಿನಲ್ಲಿ ಡಾ. ಥಾಮಸ್ ಸ್ಟಾರ್ಜ್ಲ್ ಅವರು ಯಕೃತ್ತಿನ ಕ್ಯಾನ್ಸರ್ ಇದ್ದ 19 ತಿಂಗಳ ಹೆಣ್ಣುಮಗುವಿಗೆ ಕಸಿ ಮಾಡಿದರು. ಜಗತ್ತಿನಲ್ಲಿ ಯಶಸ್ವಿಯಾದ ಮೊದಲ ಯಕೃತ್ ಕಸಿ ಅದೇ. ಮಗು ವರ್ಷಕ್ಕೂ ಮೀರಿ ಬದುಕಿತು. ಕೊನೆಗೆ ಕ್ಯಾನ್ಸರ್ ಮರುಕಳಿಸಿ ತೀರಿಕೊಂಡಿತು. ಇಂದು ಔಷಧ ಮತ್ತು ಕಸಿ ಎರಡೂ ಕೂಡಿರುವುದರಿಂದ, ಹೆಪಟೊಬ್ಲಾಸ್ಟೊಮಕ್ಕಾಗಿ ಕಸಿ ಪಡೆದ 10 ಮಕ್ಕಳಲ್ಲಿ ಸುಮಾರು 8 ಮಕ್ಕಳು ಐದು ವರ್ಷ ದಾಟುತ್ತಾರೆ.

ಯಕೃತ್ತು ಎಲ್ಲಿಂದ ಬರಬೇಕು? ತಂದೆಯೋ ತಾಯಿಯೋ ತಮ್ಮ ಯಕೃತ್ತಿನ ಎಡಗಡೆಯ ತುಂಡೊಂದನ್ನು ಕೊಡಬಹುದು. 1998ರಲ್ಲಿ ದೆಹಲಿಯಲ್ಲಿ, ಪಿತ್ತನಾಳದ ಕಾಯಿಲೆಯ ಒಂದು ಮಗುವಿಗೆ ತಂದೆಯೇ ಹೀಗೆ ದಾನಿಯಾದರು. ಮಿದುಳು ಸತ್ತವರಿಂದಲೂ ಅಂಗ ದೊರೆಯುವುದುಂಟು; ನಮ್ಮ ರಾಜ್ಯದಲ್ಲಿ ಅದರ ಹಂಚಿಕೆಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ.

ಬಳ್ಳಿಯ ಕಸಿ ಒಮ್ಮೆ ಕೂಡಿಕೊಂಡರೆ ಆಯಿತು. ಮನುಷ್ಯನ ದೇಹ ಹಾಗಲ್ಲ. ಪರರ ಅಂಗವನ್ನು ತಿರಸ್ಕರಿಸಲು ನೋಡುತ್ತದೆ. ಆದ್ದರಿಂದ ಸಾಮಾನ್ಯವಾಗಿ ಜೀವನಪರ್ಯಂತ ಔಷಧ ಬೇಕು, ಸೋಂಕಿನ ಬಗ್ಗೆ ಎಚ್ಚರ ಬೇಕು. ಖರ್ಚೂ ಹೆಚ್ಚು.

ಮುಖ್ಯವಾದ ಮಾತೊಂದಿದೆ. ಗಡ್ಡೆ ತೆಗೆಯಲಾಗದು ಎಂದು ವೈದ್ಯರು ಹೇಳಿದರೆ ಕೈಚೆಲ್ಲಬಾರದು. ಔಷಧ ಚಿಕಿತ್ಸೆ ಆರಂಭವಾಗುವಾಗಲೇ ಕಸಿ ಮಾಡುವ ವೈದ್ಯರಿಗೂ ಮಗುವನ್ನು ತೋರಿಸಬೇಕು. ಕೊನೆಯ ಘಳಿಗೆಯಲ್ಲಿ ಹೋದರೆ ದಾನಿಯ ತಪಾಸಣೆಗೂ ಸಮಯ ಉಳಿಯುವುದಿಲ್ಲ. ಸದಸ್ಯರು ಈ ವಿಷಯವನ್ನು ತಮ್ಮ ತೋಟದ ಕಾರ್ಮಿಕರ ಮನೆಗಳಿಗೂ ತಲುಪಿಸಬೇಕಾಗಿ ವಿನಂತಿ.