ಕೇಳಿದವರಿಗೆಲ್ಲ ಉತ್ತರಿಸುವ ಚೀಟಿ

ಅಂಗಡಿಯ ಉಡುಪು, ಗ್ರಂಥಾಲಯದ ಪುಸ್ತಕ, ಮೋಟಾರು ಗಾಡಿಯ ಗಾಜಿಗಂಟಿಸಿದ ಫಾಸ್ಟ್ಯಾಗ್ – ಇವುಗಳಲ್ಲಿ ಅಡಗಿರುವ ಆರ್‌ಎಫ್‌ಐಡಿ ಚೀಟಿಯನ್ನು ನಾವು ದಿನವೂ ಬಳಸುತ್ತೇವೆ. ಇದಕ್ಕೆ ಬ್ಯಾಟರಿಯಿಲ್ಲ. ಓದುವ ಯಂತ್ರವು ಬೀರುವ ರೇಡಿಯೋ ಅಲೆಗಳಿಂದಲೇ ಅಲ್ಪ ಶಕ್ತಿಯನ್ನು ಪಡೆದು ತನ್ನ ಕ್ರಮಾಂಕವನ್ನು ನುಡಿಯುತ್ತದೆ. ಕೇಳಿದವರು ಯಾರೆಂದು ಸಾಮಾನ್ಯವಾಗಿ ವಿಚಾರಿಸುವುದಿಲ್ಲ, ತೊಡಕಿರುವುದು ಇಲ್ಲಿಯೇ. ಕೊಂಡ ಅಂಗಿಯಲ್ಲಿ ಚೀಟಿ ಉಳಿದುಬಿಟ್ಟರೆ, ಆ ಕ್ರಮಾಂಕವನ್ನು ಹಲವೆಡೆ ಓದಿದವನು ತೊಟ್ಟವನ ಓಡಾಟವನ್ನು ಅರಿಯಬಲ್ಲನು.

ಬ್ಯಾಂಕುಗಳ ಗೂಢಲಿಪಿಯನ್ನು ಇದಕ್ಕೂ ಏಕೆ ಕಲಿಸಬಾರದು? ಕೆಲವೇ ರೂಪಾಯಿಗಳ ಚೀಟಿಯ ಸಿಲಿಕಾನ್ ಚೂರಿನಲ್ಲಿ ಅದಕ್ಕೆ ಎಡೆಯೂ ಸಾಲದು, ಕಸುವೂ ಸಾಲದು. 2004ರ 'ಜೆನ್-2' ನಿಯಮವು ಒಂದು ಸುಲಭೋಪಾಯವನ್ನು ಒದಗಿಸಿತು: 32 ಬಿಟ್ಟುಗಳ ಗುಪ್ತಪದವನ್ನು ಕಳುಹಿಸಿ ಚೀಟಿಯನ್ನು ಶಾಶ್ವತವಾಗಿ ಮೂಕವಾಗಿಸುವುದು. ಆದರೆ ಸತ್ತ ಚೀಟಿಯಿಂದ ಗ್ರಂಥಾಲಯಕ್ಕೇನು ಪ್ರಯೋಜನ? ಪುಸ್ತಕ ಮರಳಿ ಬರಬೇಕಷ್ಟೆ!

ಇದಕ್ಕೂ ಮೊದಲೇ, 2003ರಲ್ಲಿ, ಅಮೆರಿಕದ ಎಂ.ಐ.ಟಿ.ಯ ವೀಸ್, ಸರ್ಮ, ರಿವೆಸ್ಟ್, ಎಂಗೆಲ್ಸ್ ಎಂಬ ವಿದ್ವಾಂಸರು ಜಾಣ ಬೀಗವೊಂದನ್ನು ಸೂಚಿಸಿದ್ದರು. ಅದರ ತಿರುಳು ಏಕಮುಖವಾದ ಗಣಿತಕ್ರಿಯೆ. ಅಕ್ಕಿಯನ್ನು ಬೀಸಿ ಹಿಟ್ಟು ಮಾಡಬಹುದು. ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದು. ಹಾಗೆಯೇ ಕೀಲಿಸಂಖ್ಯೆಯಿಂದ 'ಹ್ಯಾಶ್' ಎಂಬ ಇನ್ನೊಂದು ಸಂಖ್ಯೆಯನ್ನು ಪಡೆಯುತ್ತಾರೆ. ಚೀಟಿಯಲ್ಲಿ ಹ್ಯಾಶ್ ಇರುತ್ತದೆ, ಕೀಲಿಯು ಒಡೆಯನ ದಫ್ತರದಲ್ಲಿರುತ್ತದೆ. ಯಾರು ಕೇಳಿದರೂ ಚೀಟಿ ಹ್ಯಾಶನ್ನಷ್ಟೇ ಹೇಳುತ್ತದೆ. ಒಡೆಯನ ಯಂತ್ರ ತಕ್ಕ ಕೀಲಿಯನ್ನು ಹುಡುಕಿ ಕಳುಹಿಸಿದಾಗ, ಚೀಟಿ ಅದನ್ನು ತಾನೇ ಬೀಸಿ ನೋಡಿ, ಸರಿಹೊಂದಿದರೆ ಬಾಯಿ ಬಿಡುತ್ತದೆ.

ಇದರಿಂದ ಹೆಸರು ಮರೆಯಾಯಿತು, ಜಾಡು ಅಳಿಯಲಿಲ್ಲ. ಬದಲಾಗದ ಹ್ಯಾಶೇ ಹೊಸ ಹೆಸರಾಯಿತು! ಅವರೇ ತಿದ್ದುಪಡಿಯನ್ನೂ ಕೊಟ್ಟರು: ಪ್ರತಿಸಲವೂ ಚೀಟಿ ಯಾದೃಚ್ಛಿಕ ಸಂಖ್ಯೆಯೊಂದನ್ನು ತನ್ನ ಕ್ರಮಾಂಕದೊಡನೆ ಸೇರಿಸಿ ಬೀಸಿ, ಆ ಸಂಖ್ಯೆಯನ್ನೂ ಹಿಟ್ಟನ್ನೂ ಒಟ್ಟಿಗೆ ಕೊಡಲಿ. ಆಗ ಉತ್ತರ ಸಲಕ್ಕೊಂದು ಬಗೆ. ಆದರೆ ಒಡೆಯನು ತನ್ನ ಪಟ್ಟಿಯ ಕ್ರಮಾಂಕಗಳನ್ನು ಒಂದೊಂದಾಗಿ ಬೀಸಿ ತಾಳೆ ನೋಡಬೇಕು. ನೂರು ಚೀಟಿಗಳಿದ್ದರೆ ಇದು ಹಗುರ. ಹತ್ತು ಲಕ್ಷ ಸರಕಿನ ಉಗ್ರಾಣದಲ್ಲಿ ಒಂದೇ ಚೀಟಿಗೆ ಹತ್ತು ಲಕ್ಷ ಲೆಕ್ಕಗಳವರೆಗೂ ಬೇಕಾದೀತು.

ಅಗ್ಗದ ಗೂಢಲಿಪಿ ದುರ್ಬಲವೇ ಆಗಬೇಕೆಂದಿಲ್ಲ. ಮೈಫೇರ್ ಕ್ಲಾಸಿಕ್ ಕಾರ್ಡು 48 ಬಿಟ್ಟುಗಳ ಕೀಲಿಯನ್ನೂ ಬಚ್ಚಿಟ್ಟ ಕ್ರಮವನ್ನೂ ನಂಬಿತ್ತು. 2008ರಲ್ಲಿ ಸಂಶೋಧಕರು ಅದನ್ನು ಭೇದಿಸಿದರು. ಕ್ರಮವನ್ನು ಮುಚ್ಚಿಡುವುದರಲ್ಲಿ ನಮಗಂತೂ ನಂಬಿಕೆಯಿಲ್ಲ. 2007ರಲ್ಲಿ ಎಲ್ಲರ ಪರೀಕ್ಷೆಗೂ ತೆರೆದಿಟ್ಟ 'ಪ್ರೆಸೆಂಟ್' ಕ್ರಮವು 80 ಬಿಟ್ಟುಗಳ ಕೀಲಿಯೊಡನೆ ಸುಮಾರು 1570 ತರ್ಕದ್ವಾರಗಳಲ್ಲಿಯೇ ಅಡಕವಾಯಿತು. 2012ರಲ್ಲಿ ಅಂತರರಾಷ್ಟ್ರೀಯ ಮಾನಕಕ್ಕೂ ಸೇರಿತು.