ಟೆಂಟ್ ಎಲ್ಲಿ ಹಾಕಬಹುದು?

ಪ್ರಶ್ನೆ: ನಾವು ಗಂಡ ಹೆಂಡತಿ ಟೆಂಟ್ ಕೊಂಡಿದ್ದೇವೆ. ಹತ್ತಿರದ ಕಾಡಿನಲ್ಲಿ ರಾತ್ರಿ ತಂಗಬಹುದೇ? ಯಾವ ಕಾಲ ಒಳ್ಳೆಯದು?
— ಓದುಗರೊಬ್ಬರು, ಕವಲಂದೆ

ಉತ್ತರ: ಬಂಡೀಪುರದಲ್ಲಾಗಲಿ ಬಿಳಿಗಿರಿರಂಗನ ಬೆಟ್ಟದಲ್ಲಾಗಲಿ ನಿಮ್ಮಿಷ್ಟಕ್ಕೆ ಟೆಂಟ್ ಹಾಕುವಂತಿಲ್ಲ. ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಅನುಮತಿಯಿಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತದೆ. ಗೋಪಾಲಸ್ವಾಮಿ ಬೆಟ್ಟಕ್ಕೂ ಹಗಲಲ್ಲಿ ಹೋಗಿ ಬರಬೇಕು, ಅದೂ ತಪ್ಪಲಿನಿಂದ ಸರ್ಕಾರಿ ಬಸ್ಸಿನಲ್ಲಿ.

ಕಾಡಿನ ನಡುವೆಯೇ ಮಲಗಬೇಕೆಂದರೆ ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಾಯನ ಗುಡಿಯಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ. ಗುಡಾರದೊಳಗೆ ಮಂಚವೂ ಇರುತ್ತದೆ, ಅಗ್ಗವೇನಲ್ಲ. ಅಲ್ಲಿಗೆ ಹೋಗಲು ಚಾಮರಾಜನಗರದವರೆಗೆ ನಿಮ್ಮೂರಿನಿಂದಲೇ ರೈಲಿದೆ.

ಇನ್ನು ಕಾಲ. ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜೋರು. ಆಮೇಲಿನ ಚಳಿಗಾಲವೇ ಟೆಂಟಿಗೆ ಸರಿ. ಆದರೆ ಪೂರ್ತಿ ಮುಚ್ಚಿಕೊಂಡು ಮಲಗಿದರೆ ನಿಮ್ಮ ಉಸಿರೇ ಬಟ್ಟೆಗೆ ಹನಿಗಟ್ಟಿ ಬೆಳಗಿನ ಜಾವ ಕಂಬಳಿ ಮೇಲೆ ತೊಟ್ಟಿಕ್ಕುತ್ತದೆ. ಜಿಪ್ಪನ್ನು ಒಂದು ಗೇಣು ತೆರೆದಿಡಿ. ಫೆಬ್ರವರಿಯಿಂದ ಕಾಳ್ಗಿಚ್ಚಿನ ಭಯ, ಒಲೆ ಹಚ್ಚಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಸಿಡಿಲು.

ಮೊದಲ ರಾತ್ರಿಗೆ ನೆಂಟರ ತೋಟವೇ ಸಾಕು, ತೆಂಗಿನ ಮರದಡಿ ಮಾತ್ರ ಬೇಡ! ಬಂಡೀಪುರದ ಕಡೆ ಹೊರಟರೆ ಸಮಯ ನೋಡಿಕೊಳ್ಳಿ: ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನ ಬಿಡುವುದಿಲ್ಲ.