ಕಾಳಗದ ಮೀನಿನ ಹರಿದ ರೆಕ್ಕೆ

ಅಲಂಕಾರದ ಮೀನುಗಳನ್ನು ಮಾರುವ ಅಂಗಡಿಗಳಲ್ಲಿ, ಲೋಟದಷ್ಟು ನೀರಿನಲ್ಲಿ ಒಂಟಿಯಾಗಿ ನಿಂತು ನೀಲಿ ಅಥವಾ ಕೆಂಪು ರೆಕ್ಕೆಗಳನ್ನು ಬೀಸುವ ಮೀನೊಂದನ್ನು ವಾಚಕರು ನೋಡಿರಬಹುದು. ಅದೇ ಬೆಟ್ಟಾ, ಎಂದರೆ ಕಾಳಗದ ಮೀನು. ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಶಾಸ್ತ್ರೀಯ ನಾಮವನ್ನು 1910ರಲ್ಲಿ ಅದಕ್ಕೆ ಕೊಟ್ಟವನು ಚಾರ್ಲ್ಸ್ ಟೇಟ್ ರೀಗನ್. ಅದರ ತವರು ಥೈಲೆಂಡ್. ಆ ದೇಶವು 2019ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಅಲ್ಲಿಯ ಗದ್ದೆ, ಜವುಗುಗಳ ಕಾಡು ಬೆಟ್ಟಾಕ್ಕೆ ಗಿಡ್ಡ ರೆಕ್ಕೆಗಳು. ನೀಳವಾದ ರೆಕ್ಕೆಗಳು ಮನುಷ್ಯನು ತಳಿಯನ್ನು ಆರಿಸಿ ಬೆಳೆಸಿದ ಸೊಬಗು. ಅವು ಬೇಗನೆ ಹರಿಯುತ್ತವೆ.

ಮೀನಿನ ರೆಕ್ಕೆಯ ರಚನೆ ಛತ್ರಿಯಂತೆ. ಎಲುಬಿನ ಕಡ್ಡಿಗಳ ನಡುವೆ ತೆಳುವಾದ ಪೊರೆ ಹರಡಿರುತ್ತದೆ. ಇದಕ್ಕೆ ಹಾನಿಯಾದಾಗ ಔಷಧವನ್ನು ಹುಡುಕುವುದಕ್ಕೆ ಮೊದಲು ಗಾಯದ ಆಕಾರವನ್ನು ನೋಡಬೇಕು. ಕಡ್ಡಿಗಳ ನಡುವೆ ನೇರವಾದ ಸೀಳು ಕಂಡು, ಅಂಚು ಶುಭ್ರವಾಗಿದ್ದರೆ, ಒರಟು ಕಲ್ಲಿಗೋ ಪ್ಲಾಸ್ಟಿಕ್ ಗಿಡಕ್ಕೋ ಸಿಕ್ಕಿ ಹರಿದುದೆಂದು ಊಹಿಸಬಹುದು. ಒಂದೇ ರಾತ್ರಿಯಲ್ಲಿ ಬಾಲದಿಂದ ಅರ್ಧಚಂದ್ರಾಕಾರದ ತುಂಡು ಮಾಯವಾಗಿದ್ದರೆ, ಮೀನು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿರುವ ಸಂಭವವುಂಟು. ಅಂಚು ಕಪ್ಪಾಗಿಯೋ ಬಿಳಿಚಿಕೊಂಡೋ ಕೆಂಪಾಗಿಯೋ ದಿನದಿನಕ್ಕೆ ಸವೆದು ಒಳಗೆ ಸರಿಯುತ್ತಿದ್ದರೆ ಮಾತ್ರ ಅದು ರೆಕ್ಕೆಕೊಳೆತ; ಏರೋಮೊನಾಸ್ ಮೊದಲಾದ ಬ್ಯಾಕ್ಟೀರಿಯಗಳ ಕೆಲಸ.

ಈ ಬ್ಯಾಕ್ಟೀರಿಯಗಳು ಸಾಮಾನ್ಯವಾಗಿ ನೀರಿನಲ್ಲಿ ಇದ್ದೇ ಇರುತ್ತವೆ. ಹಾಗಾದರೆ ಅವು ಗೆಲ್ಲುವುದು ಯಾವಾಗ? ಉತ್ತರವು ಬಹುಮಟ್ಟಿಗೆ ನೀರಿನಲ್ಲಿಯೇ ಇದೆ. ಬೆಟ್ಟಾದ ತಲೆಯೊಳಗಿನ ವಿಶೇಷ ಅಂಗವೊಂದು ನೀರಿನ ಮೇಲಿನ ಗಾಳಿಯನ್ನು ನೇರವಾಗಿ ಹೀರಬಲ್ಲದು. ಆದುದರಿಂದಲೇ ಸಣ್ಣ ಬಟ್ಟಲೇ ಸಾಕೆಂದು ಜನರು ಭಾವಿಸುತ್ತಾರೆ. ಆದರೆ ಆ ಅಂಗವು ಆಮ್ಲಜನಕದ ಕೊರತೆಯನ್ನು ನೀಗಿಸಬಲ್ಲದೇ ಹೊರತು ಅಮೋನಿಯದ ವಿಷವನ್ನಲ್ಲ. ಮೀನು ಕಿವಿರುಗಳಿಂದ ಹೊರಬಿಡುವ ಅಮೋನಿಯವೂ, ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯವೂ ಬಟ್ಟಲಿನಲ್ಲಿ ಬೇಗನೆ ಶೇಖರವಾಗಿ, ಕಿವಿರು, ಚರ್ಮಗಳನ್ನು ಕೆರಳಿಸಿ, ಮೀನಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಬ್ಯಾಕ್ಟೀರಿಯಗಳು ಕಾದಿರುವುದು ಈ ಸಮಯಕ್ಕೇ.

ಆದುದರಿಂದ ಮೊದಲ ಚಿಕಿತ್ಸೆ ಶುದ್ಧವಾದ ನೀರು. ಪ್ರತಿದಿನವೂ ಕಾಲು ಭಾಗದಷ್ಟು ನೀರನ್ನು ತೆಗೆದು, ಅಷ್ಟೇ ಬೆಚ್ಚಗಿನ ಹೊಸ ನೀರನ್ನು ತುಂಬಬೇಕು. ನಲ್ಲಿಯ ನೀರಿನ ಕ್ಲೋರೀನನ್ನು ಸೋಡಿಯಂ ಥಯೋಸಲ್ಫೇಟಿನಿಂದ, ಎಂದರೆ ಪ್ರಯೋಗಶಾಲೆಯ ‘ಹೈಪೋ’ದಿಂದ, ನಿವಾರಿಸಬಹುದು, ಅಂಗಡಿಗಳಲ್ಲಿ ಇದರ ದ್ರಾವಣ ಸಿಕ್ಕುತ್ತದೆ. ಉಷ್ಣತೆ 26 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಲಿ. ಒರಟು ವಸ್ತುಗಳನ್ನು ತೆಗೆದುಬಿಡಿ. ತೆಳುವಾದ ನೈಲಾನ್ ಬಟ್ಟೆಯನ್ನು ಸವರಿದಾಗ ಅದು ಸಿಕ್ಕಿಕೊಳ್ಳುವುದಾದರೆ ರೆಕ್ಕೆಯೂ ಸಿಕ್ಕಿಕೊಳ್ಳುವುದು.

ಸೀಳಿದ ರೆಕ್ಕೆಗೆ ಸಾಮಾನ್ಯವಾಗಿ ಇಷ್ಟೇ ಸಾಕು. ನೀರು ಶುದ್ಧವಾದ ಮೇಲೂ ಕೊಳೆತವು ರೆಕ್ಕೆಯ ಬುಡದತ್ತ ಸಾಗಿದರೆ, ಅಥವಾ ಮೀನು ಆಹಾರವನ್ನು ಬಿಟ್ಟರೆ, ತಡಮಾಡದೆ ಪಶುವೈದ್ಯರ ಸಲಹೆಯನ್ನು ಪಡೆಯಬೇಕು. ಕಂಡ ಕೂಡಲೇ ಪ್ರತಿಜೈವಿಕ ಔಷಧವನ್ನು ಸುರಿಯುವುದು ಅಪಾಯಕರ. ಅಮೋನಿಯವನ್ನು ನೈಟ್ರೈಟ್ ಮತ್ತು ನೈಟ್ರೇಟ್ ಆಗಿ ಮಾರ್ಪಡಿಸುವ ಉಪಕಾರಿ ಬ್ಯಾಕ್ಟೀರಿಯಗಳೂ ಅದರಿಂದ ಸಾಯಬಹುದು. ಆಗ ರೋಗದ ಮೂಲವೇ ಮರಳಿ ಬರುತ್ತದೆ.

ಗುಣವಾಗುವ ಚಿಹ್ನೆ ಸ್ಪಷ್ಟವಾಗಿದೆ. ಗಾಯದ ಅಂಚಿನಲ್ಲಿ ಹೊಸ ಜೀವಕೋಶಗಳು ಗುಂಪುಗೂಡಿ, ಪೊರೆಯನ್ನೂ ಕಡ್ಡಿಗಳನ್ನೂ ಮತ್ತೆ ಕಟ್ಟುತ್ತವೆ. ಮೊದಲು ಕಾಣುವುದು ಗಾಜಿನಂಥ ಪಾರದರ್ಶಕ ಪೊರೆ; ಬಣ್ಣ ಆಮೇಲೆ ತುಂಬುತ್ತದೆ. ಹೊಸಬರು ಇದನ್ನೇ ರೋಗವೆಂದು ಭ್ರಮಿಸಿ ಮತ್ತೆ ಔಷಧ ಹಾಕುವುದುಂಟು. ಆ ಪೊರೆ ಕಂಡಾಗ ಮಾಡಬೇಕಾದುದು ನೀರನ್ನು ಶುಚಿಯಾಗಿಟ್ಟು ಕೆಲವು ವಾರ ಕಾಯುವುದು, ಅಷ್ಟೆ.